ಹೊಸ ಅಡುಗೆಮನೆಯಲ್ಲಿ ಒಂದು ಗೇಣು ಜಾಗ

ವಾದದಲ್ಲಿ ಗೆದ್ದವರಿಗೆ ಊಟ ತಡವಾಗಿ ಸಿಗುತ್ತದೆ ಎಂಬುದು ನಾನು ನನ್ನದೇ ಹೊಟ್ಟೆಯ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಸತ್ಯ. ಕಾಲೇಜಿನ ಐದೂ ವರ್ಷ ಒಂದು ಚರ್ಚಾಸ್ಪರ್ಧೆಯಿಂದ ಇನ್ನೊಂದಕ್ಕೆ ಬಸ್ಸು ಹತ್ತಿ ಇಳಿದವಳು ನಾನು. ಇಂಡಿಯಲ್ಲಿ ಒಂದು ವಿಷಯದ ಪರವಾಗಿ ಮಾತಾಡಿ ಢಾಲು ಗೆದ್ದಿದ್ದೇನೆ, ಮರುತಿಂಗಳು ಸಿಂದಗಿಯಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿ ಇನ್ನೊಂದು ಗೆದ್ದಿದ್ದೇನೆ. ಎರಡೂ ನಮ್ಮ ಪಡಸಾಲೆಯಲ್ಲಿ ಅಕ್ಕಪಕ್ಕ ಜಗಳವಾಡದೆ ತೂಗುತ್ತಿವೆ. ಈಗ ಮುದ್ದೇಬಿಹಾಳದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ. ದಿನವೂ ಬಸವನ ಬಾಗೇವಾಡಿಯಿಂದ ಹೋಗಿಬರುವ ಬಸ್ಸಿನ ಕಂಡಕ್ಟರು ಎಲ್ಲ ಹೆಂಗಸರಿಗೂ ಗುರುತಿನ ಚೀಟಿ ತೋರಿಸಿ ಎನ್ನುತ್ತಾನೆ, ನನಗೆ ಮಾತ್ರ ಸುಮ್ಮನೆ ಟಿಕೆಟ್ಟು ಹರಿದು ಕೊಡುತ್ತಾನೆ. ಕೇಳಿದರೆ ‘ಯಾಕೆ’ ಎಂಬ ಮರುಪ್ರಶ್ನೆ ಬರುತ್ತದೆಂದೂ, ಅದು ಮುಗಿಯುವಷ್ಟರಲ್ಲಿ ಊರೇ ಬಂದುಬಿಡುತ್ತದೆಂದೂ ಅವನಿಗೆ ಗೊತ್ತು. ನನ್ನ ನಿಯಮ ಸರಳ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಬೇಕು. ಕಂಡದ್ದಕ್ಕೂ ಪುರಾವೆ ಕೇಳಬೇಕು. ಇಂಥ ನಿಯಮ ಇಟ್ಟುಕೊಂಡ ನಾನು ಇಪ್ಪತ್ತೈದು ವರ್ಷ ನಮ್ಮದೇ ಅಡುಗೆಮನೆಯಲ್ಲಿ ನಡೆಯುತ್ತಿದ್ದುದನ್ನು ಕಾಣಲಿಲ್ಲ ಎಂದರೆ ನೀವು ನಗಬಹುದು. ನಗಿ, ಅಭ್ಯಂತರವಿಲ್ಲ.

ನಮ್ಮದು ಹಳೆಯ ವಾಡೆ. ಕಟ್ಟಿಸಿದವನು ಮುತ್ತಜ್ಜನೋ ಅವನ ಅಪ್ಪನೋ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ, ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿ, ತಲೆ ಬಗ್ಗಿಸದವರ ಹಣೆಗೆ ಬುದ್ಧಿ ಕಲಿಸುವ ಗಿಡ್ಡ ಬಾಗಿಲುಗಳು. ನಾನು ಹುಟ್ಟಿದ ವರ್ಷ ಈ ವಾಡೆ ಎರಡಾಯಿತು. ಸಿಂದಗಿಯ ಕಡೆ ಯಾರದೋ ಮದುವೆ. ಅಲ್ಲಿ ಆಯೇರಿ ಮಾಡುವಾಗ, ಅಂದರೆ ನೆಂಟರಿಗೆ ಬಟ್ಟೆ ಕೊಟ್ಟು ಪಟಕ ಸುತ್ತಿ ಮರ್ಯಾದೆ ಮಾಡುವಾಗ, ಹಿರಿಯನಾದ ನನ್ನ ಅಪ್ಪನನ್ನು ಬಿಟ್ಟು ಕಿರಿಯನಾದ ಕಾಕಾನ ತಲೆಗೆ ಮೊದಲು ಪಟಕ ಸುತ್ತಿದರಂತೆ. ಕಾಕಾ ‘ಮೊದಲು ಅಣ್ಣಗ’ ಎನ್ನಲಿಲ್ಲವಂತೆ. ಅಪ್ಪ ಊಟ ಮಾಡದೆ ಎದ್ದು ಬಂದನಂತೆ. ಅಣ್ಣತಮ್ಮಂದಿರು ಅಂಗಳದಲ್ಲಿ ನಿಂತು ಮೂರು ದಿನ ವಾದಿಸಿದರು. ನಾಲ್ಕನೆಯ ದಿನ ಗೌಂಡಿ ಬಂದ. ಪಡಸಾಲೆಯಿಂದ ಹಿತ್ತಲಿನವರೆಗೆ ನಟ್ಟನಡುವೆ ಒಂದು ಗೋಡೆ ಎದ್ದಿತು, ದೊಡ್ಡ ಅಡುಗೆಮನೆಯೂ ಎರಡು ಹೋಳಾಯಿತು. ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ. ಇದನ್ನು ಬರೀ ಸಿಟ್ಟು ಎಂದುಕೊಳ್ಳಬೇಡಿ, ಇದಕ್ಕೆ ಕಾಯಿದೆಯಿದೆ. ಒಂದೇ ಟೆಂಪೋ ಹತ್ತುವಂತಿಲ್ಲ. ಒಂದೇ ಪಂಕ್ತಿಯಲ್ಲಿ ಉಣ್ಣುವಂತಿಲ್ಲ. ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಓಣಿಯಲ್ಲಿ ಎದುರಾದರೆ ಅವ್ವ ಸೆರಗು ಸರಿಮಾಡಿಕೊಂಡು ಮುಗಿಲು ನೋಡಬೇಕು. ಕಾಕುವೂ ಅಷ್ಟೇ ಶ್ರದ್ಧೆಯಿಂದ ನೆಲ ನೋಡಬೇಕು. ಇನ್ನು ಅಪ್ಪ ಊಟಕ್ಕೆ ಕೂತಾಗಲೆಲ್ಲ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ಒಂದು ಮಾತು ಹೇಳಲೇಬೇಕು: “ಹಿಂಡಿ ಅಂದ್ರ ಇದು. ಬಾಜೂ ಮನ್ಯಾಗೂ ಮಾಡ್ತಾರ, ಅದೇನ ಹಿಂಡಿ?” ಬಾಜೂ ಮನೆಯ ಹಿಂಡಿಯನ್ನು ನಾನು ತಿಂದಿರಲಿಲ್ಲ. ಆದರೂ ಹಾಸ್ಟೆಲಿನಲ್ಲಿದ್ದಾಗ ಅದು ನಮ್ಮದರ ಮುಂದೆ ಏನೂ ಅಲ್ಲ ಎಂದು ಗೆಳತಿಯರ ಮುಂದೆ ಅರ್ಧ ಗಂಟೆ ವಾದಿಸಿದ್ದು ನೆನಪಿದೆ.

ಈ ವರ್ಷ ಅವ್ವನ ಮೊಣಕಾಲು ಕೈಕೊಟ್ಟಿತು. ವಿಜಯಪುರದ ಡಾಕ್ಟರು ಇನ್ನು ನೆಲಕ್ಕೆ ಕೂತು ರೊಟ್ಟಿ ಬಡಿಯಕೂಡದು ಎಂದುಬಿಟ್ಟರು. ನಮ್ಮ ಅಡುಗೆಮನೆಯಲ್ಲಿ ಒಲೆ, ಹಿಟ್ಟು ನಾದುವ ಕಟ್ಟಿಗೆಯ ಕೊಣಮಗಿ, ನೀರಿನ ಕೊಡ, ಬೆಕ್ಕು, ಎಲ್ಲವೂ ನೆಲದ ಮೇಲೆಯೇ. ಹಾಗಾಗಿ ಹೊಸ ಅಡುಗೆಮನೆ ಆಗಬೇಕಾಯಿತು. ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನು ಇದನ್ನು ಒಂದು ಮೊಕದ್ದಮೆಯಂತೆ ಎತ್ತಿಕೊಂಡೆ. ನೋಟುಬುಕ್ಕು ಹಿಡಿದು ಒಂದು ಭಾನುವಾರವಿಡೀ ಬಾಗಿಲಲ್ಲಿ ಕೂತು ಅವ್ವ ಏನನ್ನು ಎಲ್ಲಿಂದ ತೆಗೆಯುತ್ತಾಳೆ, ಎಲ್ಲಿಡುತ್ತಾಳೆ ಎಂದು ಬರೆದುಕೊಂಡೆ. ಉಪ್ಪು ಎಡಕ್ಕೆ ಯಾಕೆ? ಬೆಲ್ಲ ಅಷ್ಟು ಎತ್ತರದಲ್ಲಿ ಯಾಕೆ? (ಬೆಲ್ಲ ನನ್ನಿಂದಾಗಿ ಎತ್ತರದಲ್ಲಿತ್ತು. ನಾನು ನಾಲ್ಕು ವರ್ಷದವಳಿದ್ದಾಗ ಏರಿಸಿದ್ದನ್ನು ಇಳಿಸಲು ಯಾರಿಗೂ ನೆನಪಾಗಿರಲಿಲ್ಲ.) ಕಟ್ಟೆಯ ಎತ್ತರಕ್ಕೆಂದು ಅವ್ವನನ್ನು ಟೇಪು ಹಿಡಿದು ಅಳೆಯಲು ಹೋದರೆ ಆಕೆ ಫೋಟೋ ತೆಗೆಸಿಕೊಳ್ಳುವವಳಂತೆ ಸೆಟೆದು ನಿಂತಳು, ಆ ಅಳತೆಯಲ್ಲಿ ಕಟ್ಟೆ ಕಟ್ಟಿಸಿದ್ದರೆ ರೊಟ್ಟಿಯನ್ನು ಏಣಿ ಹತ್ತಿ ಬಡಿಯಬೇಕಿತ್ತು. ಕೊನೆಗೆ ಆಕೆಗೆ ತಿಳಿಯದಂತೆ, ಬಟ್ಟೆ ಒಣಹಾಕುವಾಗ ಹಿಂದಿನಿಂದ ಅಳೆದೆ. ರೊಟ್ಟಿ ಬಡಿಯುವ ಕಟ್ಟೆ ಒಲೆಯ ಕಟ್ಟೆಗಿಂತ ನಾಲ್ಕು ಬೆರಳು ಕೆಳಗಿರಬೇಕು, ಇಲ್ಲದಿದ್ದರೆ ರಟ್ಟೆ ಸೋಲುತ್ತದೆ ಎಂಬುದು ಆ ದಿನದ ನನ್ನ ಸಂಶೋಧನೆ. ಅದನ್ನು ಅವ್ವನಿಗೆ ವಿವರಿಸಿದೆ. ಆಕೆ ಗಮನವಿಟ್ಟು ಕೇಳಿ, ನನಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು.

ವಿಜಯಪುರದಿಂದ ಬಂದ ಡಿಸೈನರ್ ಹುಡುಗ ನನ್ನ ವಯಸ್ಸಿನವನೇ. ಕಂಬಗಳನ್ನು ತಟ್ಟಿ ನೋಡಿ, ಇಂಥ ಮನೆಗೆ ರೆಡಿಮೇಡ್ ಕಪಾಟು ಒಪ್ಪುವುದಿಲ್ಲ, ಗೋಡೆ ಒಂದೂ ನೆಟ್ಟಗಿಲ್ಲ, ಎಲ್ಲವನ್ನೂ ಅಳತೆಗೇ ಮಾಡಿಸಬೇಕು ಎಂದ. ವಾರದ ಮೇಲೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತಂದು ತೋರಿಸಿದ. ಚೆನ್ನಾಗಿಯೇ ಇತ್ತು. ಕಟ್ಟೆಯ ಮೇಲೆ ಹಸಿರು ಸೇಬುಗಳು. ಪಕ್ಕದಲ್ಲಿ ಪ್ಯಾಂಟು ತೊಟ್ಟ ಒಬ್ಬ ಹೆಂಗಸು ಹೂದಾನಿ ಹಿಡಿದು ನಿಂತಿದ್ದಳು. ಅವ್ವ ಬಹಳ ಹೊತ್ತು ನೋಡಿ, “ಈಕಿ ಯಾರು? ಇಲ್ಲೇ ಇರಾಕೀ ಏನು?” ಎಂದು ಕೇಳಿದಳು. ಹುಡುಗ ಆಕೆಯನ್ನು ತೆಗೆದುಹಾಕಿದ. ನಡುಗೋಡೆಗೆ ಒತ್ತಿ ನೆಲದಿಂದ ಮಾಳಿಗೆಯವರೆಗೆ ಒಂದು ಕಪಾಟು ಬಂದಿತ್ತು, ಅದರೊಳಗೆ ಫ್ರಿಜ್ಜು. ಅವ್ವ ಅದನ್ನು ಕಂಡು, ಅದು ಬೇರೆ ಕಡೆ ಹೋಗಲಾರದೇ ಎಂದಳು. ಯಾಕೆಂದು ಕೇಳಿದೆ. ಅಲ್ಲಿ ಉಪ್ಪಿನಕಾಯಿ ಭರಣಿ ಇದೆ, ಸರಿಸಬಾರದು ಎಂದಳು. ಅವ್ವನ ತವರು ಇಂಡಿ. ಅಲ್ಲಿಂದ ಬಂದ ಲಿಂಬೆಯ ಉಪ್ಪಿನಕಾಯಿ ನಮ್ಮಲ್ಲಿ ವರ್ಷವಿಡೀ ಆ ಗೋಡೆಯ ಬುಡದಲ್ಲೇ ಕೂತಿರುತ್ತದೆ. ಕೂತಲ್ಲಿಂದ ಸರಿಸಿದರೆ ಕೆಡುತ್ತದಂತೆ. ಸರಿಸಿದರೆ ಕೆಡುವುದಾದರೆ ಇಂಡಿಯಿಂದ ಬಸ್ಸಿನಲ್ಲಿ ಬಂದ ಲಿಂಬೆ ದಾರಿಯಲ್ಲೇ ಯಾಕೆ ಕೆಡಲಿಲ್ಲ ಎಂದು ನಾನು ಕೇಳಿದೆ. ನಾನು ಗೆದ್ದೆ. ಆ ದಿನ ಊಟ ಎರಡೂವರೆಗೆ ಸಿಕ್ಕಿತು.

ಮರುದಿನ ಅವ್ವ ಹಿತ್ತಲಿಗೆ ಹೋದಾಗ ನಾನೇ ಭರಣಿಯನ್ನು ಎತ್ತಿ ಪಕ್ಕಕ್ಕಿಟ್ಟೆ, ವಿಜ್ಞಾನದ ಸಲುವಾಗಿ. ಹಿಂದೆ ಗೋಡೆ ಇರಲಿಲ್ಲ. ಮೊಣಕಾಲಿನ ಮಟ್ಟದಲ್ಲಿ ಎರಡು ಕಲ್ಲು ಹಿಡಿಯುವಷ್ಟು ಚೌಕಾದ ಕಿಂಡಿ. ಅಂಚುಗಳು ಸವೆದು ಒಳಕಲ್ಲಿನ ಬಾಯಿಯಂತೆ ನುಣುಪಾಗಿದ್ದವು. ನಾನು ನೆಲಕ್ಕೆ ಕೂತು ಬಗ್ಗಿ ನೋಡುವಷ್ಟರಲ್ಲಿ ಟಕ್ ಟಕ್ ಎಂದು ಸಪ್ಪಳವಾಯಿತು. ಈ ಸಪ್ಪಳ ನಾನು ಹುಟ್ಟಿದಂದಿನಿಂದ ಕೇಳಿದ್ದು. ಏನದು ಎಂದು ಸಣ್ಣವಳಿದ್ದಾಗ ಕೇಳಿದ್ದೆ. ಹೆಗ್ಗಣ ಎಂದಿದ್ದಳು ಅವ್ವ. ಹೈಸ್ಕೂಲಿನಲ್ಲಿ ನನ್ನ ಬಹುಮಾನದ ಹಣದಲ್ಲಿ ಬೋನು ಕೂಡ ತಂದಿಟ್ಟಿದ್ದೆ. ಏನೂ ಬೀಳದಿದ್ದಾಗ ಹೆಗ್ಗಣ ಬುದ್ಧಿವಂತವಾಗಿದೆ ಎಂದು ತೀರ್ಮಾನಿಸಿದವಳೂ ನಾನೇ. ಈಗ ಆ ಹೆಗ್ಗಣ ಹಸಿರು ಬಳೆ ತೊಟ್ಟ ಕೈಯಾಗಿ ಕಿಂಡಿಯಿಂದ ಹೊರಬಂತು, ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಆಚೆಯಿಂದ ತಗ್ಗಿದ ದನಿ: “ಅಕ್ಕಾ, ಹಿಂಡಿ. ಬೆಳ್ಳೊಳ್ಳಿ ಈ ಸಲ ಒಂದೀಟ ಹೆಚ್ಚ ಬಿದ್ದೈತಿ.”

ನಾನು ಡಬ್ಬಿ ತೆಗೆದುಕೊಂಡೆ. ಕೈ ಹಾಗೆಯೇ ಅಂಗೈ ಬಿಚ್ಚಿಕೊಂಡು ನಿಂತಿತ್ತು, ಬದಲಿಗೆ ಬರಬೇಕಾದುದಕ್ಕಾಗಿ. ನನಗೆ ಏನೂ ತೋಚಲಿಲ್ಲ. ಕೈ ಕುಲುಕಿದೆ. ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಹೋಯಿತು. ಡಬ್ಬಿಯ ಮುಚ್ಚಳ ತೆಗೆದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಾಸ್ಟೆಲಿನಲ್ಲಿ ನಾನು ಅರ್ಧ ಗಂಟೆ ಸಮರ್ಥಿಸಿಕೊಂಡ, ಅಪ್ಪ ಪ್ರತಿದಿನ ಸಾಕ್ಷಿ ನುಡಿಯುವ ನಮ್ಮ ಮನೆಯ ಹಿಂಡಿ ಅದೇ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಾಳೇನೋ ಎಂದುಕೊಂಡೆ, ಆಕೆ ಮೊದಲು ಬಂದು ಭರಣಿ ಎಲ್ಲಿಟ್ಟೆ ಎಂದು ನೋಡಿದಳು. ಆಮೇಲೆ ಹೇಳಿದಳು. ಗೋಡೆ ಕಟ್ಟುವಾಗ ನೆಗೆಣ್ಣಿಯರಿಬ್ಬರೂ, ಅಂದರೆ ಅವ್ವ ಮತ್ತು ಕಾಕು, ಸೇರಿ ಗೌಂಡಿಗೆ ಹೊಟ್ಟೆತುಂಬ ಊಟ ಹಾಕಿ ಎರಡು ಕಲ್ಲು ಕಡಿಮೆ ಇಡಿಸಿದರಂತೆ. ಅವ್ವ ವಿಷಮಜ್ವರದಲ್ಲಿ ಮಲಗಿದ್ದ ಮೂರು ವಾರದ ಅಡುಗೆ ಈ ಕಿಂಡಿಯಿಂದ ಬಂದಿತ್ತು. ಕಾಕುವಿನ ಎರಡು ಬಾಣಂತನದ ಅಂಟಿನುಂಡಿ ಈ ಕಿಂಡಿಯಿಂದ ಹೋಗಿತ್ತು. ಎಳೆಗೂಸಾಗಿದ್ದಾಗ ನಾನು ಕುಡಿದ ಎಮ್ಮೆ ಹಾಲು ಸಹ ಆ ಕಡೆಯದೇ. ಈ ಮನೆಯಲ್ಲಿ ಪುರಾವೆ ಕೇಳುತ್ತ ಬೆಳೆದವಳು ಸ್ವತಃ ಪುರಾವೆಯಾಗಿ ನಿಂತಿದ್ದೆ.

“ಅಪ್ಪಗ ಹೇಳಿದ್ರ ಏನಾಗತೈತಿ?” ಎಂದೆ.

“ಏನಾಗತೈತಿ? ನಿಮ್ಮಪ್ಪ ನಾಳೇನ ಸಿಮಿಟಿ ಕಲಸ್ತಾನ, ಆ ಕಡಿಯಾಂವ ಇಟ್ಟಂಗಿ ತರ್ತಾನ. ಇದೊಂದ ಕೆಲಸಾ ಅಣ್ಣತಮ್ಮ ಕೂಡಿ ಮಾಡ್ತಾರ.” ಆಮೇಲೆ ನನ್ನ ಕೈ ಹಿಡಿದು, “ಏನರ ಮಾಡು ತಂಗಿ, ಇದನ್ನೊಂದ ಉಳಸು. ನನಗ ಕಟ್ಟಿ ಬ್ಯಾಡ, ಕಪಾಟ ಬ್ಯಾಡ,” ಎಂದಳು.

ಹೀಗೆ ನನ್ನ ಮುಂದೆ ನಿಜವಾದ ವಿನ್ಯಾಸದ ಸಮಸ್ಯೆ ಬಂದು ನಿಂತಿತು. ಅವ್ವ ನಿಲ್ಲಬೇಕು, ಆದ್ದರಿಂದ ಕಿಂಡಿಯೂ ಮೇಲೇರಬೇಕು. ಮೇಲೇರಿದ್ದು ಅಪ್ಪನ ಕಣ್ಣಿಗೆ ಬೀಳಬಾರದು. ಆದ್ದರಿಂದ ಕಪಾಟಿನೊಳಗಿರಬೇಕು, ಆ ಕಪಾಟಿಗೆ ಬೆನ್ನಹಲಗೆ ಇರಬಾರದು. ಬೆನ್ನಹಲಗೆ ಯಾಕಿಲ್ಲ ಎಂದು ಡಿಸೈನರ್ ಹುಡುಗ ಕೇಳುತ್ತಾನೆ, ಅಪ್ಪ ಅಲ್ಲೇ ಕೂತಿರುತ್ತಾನೆ. ಎರಡು ದಿನ ಯೋಚಿಸಿದೆ. ಯಾವ ತರ್ಕಬದ್ಧ ಕಾರಣವೂ ಸಿಗಲಿಲ್ಲ. ಮೂರನೆಯ ದಿನ ಪಡಸಾಲೆಯಲ್ಲಿ, ‘ವಾಸ್ತು ಎಂಬುದು ಮೌಢ್ಯ’ ಎಂದು ಸಾಧಿಸಿ ಇಂಡಿಯಿಂದ ತಂದ ಢಾಲಿನ ಕೆಳಗೇ ಕೂತು, ಅದು ಆಗ್ನೇಯದ ಗೋಡೆ, ಅಗ್ನಿಯ ಗೋಡೆ ಉಸಿರಾಡಬೇಕು, ಬೆನ್ನಹಲಗೆ ಹಾಕಿದರೆ ಮನೆಯ ಹೆಂಗಸಿನ ಮೊಣಕಾಲಿಗೆ ಕೇಡು ಎಂದು ಹೇಳಿದೆ. ನನ್ನ ಬಾಯಿಂದ ಅದು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಹುಡುಗ ಮರುಮಾತಿಲ್ಲದೆ ಚಿತ್ರ ತಿದ್ದಿದ. ವಾಸ್ತು ಅಂದರೆ ಮುಗೀತು ಮೇಡಂ, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ ಎಂದ. ಐದು ವರ್ಷ ಬಸ್ಸು ಹತ್ತಿ ಇಳಿದು ಕಲಿತದ್ದೆಲ್ಲ ಎಷ್ಟು ಸುತ್ತುಬಳಸಿನ ದಾರಿ ಎಂದು ಆಗ ತಿಳಿಯಿತು. ಅಪ್ಪ ಮಾತ್ರ ನನ್ನನ್ನು ಒಂದು ನಮೂನೆ ನೋಡಿ, ವಕೀಲಕಿ ಹಿಡಿದ ಮೇಲೆ ಹುಡುಗಿಗೆ ದೇವರ ಭಯ ಬಂತು ಎಂದು ಸಂತೋಷಪಟ್ಟ.

ಕಪಾಟು ಮಾಡಲು ಸಿಂದಗಿಯಿಂದ ಬಡಿಗೇರ ಕಾಳಪ್ಪ ಬಂದ. ಹಳೆಯ ಮನೆಗೆ ಹೊಸ ಕಟ್ಟಿಗೆ ಹೊಂದುವುದಿಲ್ಲ ಎಂದು ಕೊಲ್ಹಾರದ ಕಡೆಯಿಂದ, ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗುವ ಮುಂಚೆ ಬಿಚ್ಚಿಟ್ಟ ಮನೆಗಳ ಸಾಗವಾನಿ ಬಾಗಿಲು ಎರಡನ್ನು ಹುಡುಕಿ ತಂದ. ಇನ್ನು ಕಿಂಡಿ ಏರಿಸುವ ಕೆಲಸ. ಅದಕ್ಕೆ ಇಂಡಿಯ ಒಂದು ಮದುವೆ ಒದಗಿ ಬಂತು. ಅಪ್ಪ ಒಂದು ಟೆಂಪೋದಲ್ಲಿ, ಕಾಕಾ ಇನ್ನೊಂದರಲ್ಲಿ ಹೊರಟರು. ಅವರು ಬರುವಷ್ಟರಲ್ಲಿ ಗೌಂಡಿ ಕೆಳಗಿನ ಕಿಂಡಿ ಮುಚ್ಚಿ, ಮೇಲೆ ಹೊಸದು ಒಡೆದು, ಗಿಲಾವು ಮಾಡಿ ಮುಗಿಸಿದ್ದ. ಆ ಕಡೆ ಕಾಕು ಅದರ ಮೇಲೊಂದು ಕ್ಯಾಲೆಂಡರು ತೂಗುಹಾಕಿದಳು. ಇಲ್ಲಿ ನಾನೊಂದು ಸುಧಾರಣೆ ಮಾಡಿದ್ದೆ. ಬರೀ ಕೈ ಹೋಗುವ ತೂತು ಯಾಕೆ? ಇಪ್ಪತ್ತೈದು ವರ್ಷ ಕೈಯಷ್ಟೇ ನೋಡಿದವರು ಇನ್ನಾದರೂ ಮುಖ ನೋಡಿಕೊಂಡು ನಾಲ್ಕು ಮಾತಾಡಲಿ ಎಂದು ಅದನ್ನು ಕಟ್ಟೆಯಿಂದ ಮುಖದೆತ್ತರದವರೆಗೆ ಒಂದು ಸಣ್ಣ ಕಿಟಕಿಯೇ ಮಾಡಿಸಿದೆ. ಕಪಾಟಿನ ಬಾಗಿಲು ತೆರೆದರೆ ಸಕ್ಕರೆ ಡಬ್ಬಿ, ಚಹಾಪುಡಿ ಡಬ್ಬಿ, ನಡುವೆ ಕಾಕು.

ಮೊದಲ ದಿನ ಇಬ್ಬರೂ ನಕ್ಕರು, ನಾಚಿದರು. ಎರಡನೆಯ ದಿನ ಕಾಕು ಅವ್ವನ ಕೂದಲು ಬೆಳ್ಳಗಾದುದಕ್ಕೆ ಮರುಗಿದಳು. ಅವ್ವ ಕಾಕುವಿನ ಮೈಬೊಜ್ಜಿಗೆ ಮರುಗಿದಳು. ನಾಲ್ಕನೆಯ ದಿನದ ಹೊತ್ತಿಗೆ ಮಾತು ಸಿಂದಗಿಯ ಮದುವೆಗೆ ಬಂದು ಮುಟ್ಟಿತ್ತು. ಪಟಕ ಸುತ್ತಿಸಿಕೊಳ್ಳುವ ಮುನ್ನ ನಿನ್ನ ಗಂಡ ಒಂದು ಮಾತು ಅಣ್ಣನನ್ನು ಕೇಳಬಹುದಿತ್ತು ಎಂದಳು ಅವ್ವ. ತಲೆಗೆ ತಾನಾಗಿ ಬಂದ ಪಟಕವನ್ನು ಯಾರು ಬೇಡ ಎನ್ನುತ್ತಾರೆ, ಭಾವ ಊಟ ಬಿಟ್ಟು ಎದ್ದದ್ದೇ ತಪ್ಪು ಎಂದಳು ಕಾಕು. ಗಂಡಸರು ಅಂಗಳದಲ್ಲಿ ಬಿಟ್ಟ ಜಾಗದಿಂದಲೇ ಇವರು ಎತ್ತಿಕೊಂಡಿದ್ದರು. ಐದನೆಯ ದಿನ ಇಬ್ಬರೂ ಕಿಟಕಿ ತೆರೆಯಲಿಲ್ಲ. ಇಪ್ಪತ್ತೈದು ವರ್ಷ ಅಪ್ಪ ಕಾಕಾ ಇಬ್ಬರಿಂದಲೂ ಮುರಿಯಲಾಗದ್ದನ್ನು ನನ್ನ ಸುಧಾರಣೆ ನಾಲ್ಕು ದಿನದಲ್ಲಿ ಮುರಿದಿತ್ತು. ವಾರ ಕಳೆದ ಮೇಲೆ ಅಪ್ಪ ರೊಟ್ಟಿ ಮುರಿದು ಬಾಯಿಗಿಟ್ಟು, “ಹಿಂಡಿ ಯಾಕೋ ಬ್ಯಾರೆ ಆಗೇತಲ್ಲ,” ಎಂದ. ಹೊಸ ಅಡುಗೆಮನೆಯ ಗಾಳಿ ಇರಬೇಕು ಎಂದಳು ಅವ್ವ. ಆಕೆಯ ಬಾಯಿಗೂ ತುತ್ತು ಹೋಗುತ್ತಿರಲಿಲ್ಲ.

ಮಾತಾಡಿ ಸರಿಮಾಡಿಕೋ ಎಂದೆ ಅವ್ವನಿಗೆ. ಎರಡೂ ಕಡೆಯ ತಪ್ಪುಗಳನ್ನು ನಾನು ಆಗಲೇ ಪಟ್ಟಿಮಾಡಿಟ್ಟಿದ್ದೆ. ಅವ್ವ ಕಟ್ಟೆ ಒರೆಸುತ್ತಲೇ ಹೇಳಿದಳು: “ಅದು ಮಾತಾಡಾಕ ಇದ್ದಿದ್ದ ಅಲ್ಲ ತಂಗಿ. ಕೊಡಾಕ ತಗೊಳ್ಳಾಕ ಇದ್ದಿದ್ದು. ಮಾತಾಡೂದಿದ್ರ ನಾವೂ ಗಂಡಸರಂಗ ಅಂಗಳದಾಗ ನಿಂತಿರತಿದ್ವಿ.”

ಅದೇ ಭಾನುವಾರ ಅಪ್ಪ ಹೊರಗೆ ಹೋದಾಗ ಕಾಳಪ್ಪನನ್ನು ಕರೆಸಿ, ಕಿಟಕಿಯ ಮೇಲ್ಭಾಗಕ್ಕೆ ಹಲಗೆ ಹೊಡೆದು ಮುಚ್ಚು, ಕೆಳಗೆ ಕಟ್ಟೆಯ ಮಟ್ಟದಲ್ಲಿ ಒಂದು ಗೇಣು ಮಾತ್ರ ಬಿಡು ಎಂದೆ. ಯಾಕೆಂದು ಕೇಳಿದ. ವಾಸ್ತು ಎಂದೆ. ಅವನು ಗೌರವದಿಂದ ತಲೆಯಾಡಿಸಿ ಎಲ್ಲ ಅಳತೆಯನ್ನೂ ಒಂದು ಬೀಡಿಕಟ್ಟಿನ ಕಾಗದದ ಮೇಲೆ ಬರೆದುಕೊಂಡ. ಕೆಲಸ ಮುಗಿದ ಮೇಲೆ ನಾನೇ ಸವಟಿನಿಂದ ಗೋಡೆಯನ್ನು ಟಕ್ ಟಕ್ ಎಂದು ಬಡಿದೆ. ಆಚೆ ಯಾರೋ ಬಂದು ನಿಂತ ಸಪ್ಪಳ. ಕಾಕು, ನೋಡು, ಈ ವಿಷಯದಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ ಎಂದು ಶುರುಮಾಡಿದೆ. “ನೀ ಮಾತಾಡಬ್ಯಾಡ ನಮ್ಮವ್ವಾ,” ಎಂದಿತು ಆಚೆಯ ದನಿ. “ಡಬ್ಬಿ ಕೊಡು.” ಖಾಲಿ ಡಬ್ಬಿ ಕಳಿಸುವುದು ಸರಿಯಲ್ಲವೆಂದು ಅವ್ವ ಹಿಂದಿನಿಂದ ಬಂದು ಅದರಲ್ಲಿ ಉಪ್ಪಿನಕಾಯಿ ತುಂಬಿ ನನ್ನ ಕೈಗಿಟ್ಟಳು. ನಾನು ಬಾಯಿ ಮುಚ್ಚಿಕೊಂಡು ದಾಟಿಸಿದೆ. ಸಂಜೆಯ ಹೊತ್ತಿಗೆ ಡಬ್ಬಿ ವಾಪಸು ಬಂತು. ಬೆಳ್ಳುಳ್ಳಿ ಸರಿಯಾಗಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಳಪ್ಪ ನಾಲ್ಕು ತಾಲೂಕು ತಿರುಗುವ ಮನುಷ್ಯ. ಮೊನ್ನೆ ಮುದ್ದೇಬಿಹಾಳದ ಕೋರ್ಟಿನ ಎದುರು ಚಹಾ ಕುಡಿಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಸಿಂದಗಿ ತಾಲೂಕಿನ ಒಬ್ಬ ಹೆಣ್ಣುಮಗಳು. ಅವರದೂ ಹಳೆಯ ಮನೆ, ಅಡುಗೆಮನೆ ಹೊಸದು ಮಾಡಿಸುತ್ತಿದ್ದಾರೆ, ಹಳೆ ಮನೆಗಳ ವಾಸ್ತು ನನ್ನಷ್ಟು ಬಲ್ಲವರು ಈ ಕಡೆ ಇಲ್ಲವೆಂದು ಕಾಳಪ್ಪ ಹೇಳಿದನಂತೆ. “ಆ ಆಗ್ನೇಯದ ಕಿಂಡಿ ನಾವೂ ಇಡಬೇಕಂತ ಮಾಡೇವ್ರಿ ಅಕ್ಕಾರ. ಎಷ್ಟ ದೊಡ್ಡದ ಇಡಬೇಕ್ರಿ?”

ವಾಸ್ತುವಿಗೆ ಯಾವ ಆಧಾರವೂ ಇಲ್ಲ ಎಂದು ಹೇಳಲು ನನ್ನ ಬಾಯಲ್ಲಿ ಪೂರ್ತಿ ಭಾಷಣ ಸಿದ್ಧವಾಗಿತ್ತು. ಅದರ ಬದಲು ಬೇರೆಯೇ ಹೊರಬಂತು. “ಗ್ವಾಡಿ ಆ ಕಡೆ ಯಾರ ಅದಾರ್ರಿ? ಅವರ ಕೂಡ ಮಾತ ಐತೋ ಇಲ್ಲೋ?”

ಆಕೆ ಯಾರಿಗೋ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಕೇಳಿದಳು: “ಇದೂ ವಾಸ್ತುದಾಗ ತಿಳೀತೈತೇನ್ರಿ?”

ಒಂದು ಗೇಣು ಇಡಿಸಿ, ಕಟ್ಟೆಯ ಮಟ್ಟಕ್ಕೆ, ಅದಕ್ಕಿಂತ ದೊಡ್ಡದು ಬೇಡ ಎಂದೆ. ಸಂಜೆಯೊಳಗೆ ಇನ್ನೂ ಇಬ್ಬರು ಫೋನು ಮಾಡಿದರು. ಅವರಿಗೂ ಅದನ್ನೇ ಹೇಳಿದೆ. ಪುರಾವೆ ಏನು ಎಂದು ಒಬ್ಬರೂ ಕೇಳಲಿಲ್ಲ. ಕೇಳುತ್ತಾರೇನೋ ಎಂದು ನಾನೇ ಎರಡು ಗಳಿಗೆ ಫೋನು ಕಿವಿಗಿಟ್ಟುಕೊಂಡು ಕಾದೆ.